ಸಂಶಯಕ್ಕೊಂದು ಕ್ರಮ: ಹೊಸಬರಿಗೆ ಮೊದಲ ಪಾಠ

ಮುಸ್ಸಂಜೆ ಹೊತ್ತು, ಊರಾಚೆಯ ದಾರಿ. ಸ್ವಲ್ಪ ದೂರದಲ್ಲಿ ಆಳೆತ್ತರದ ಏನೋ ಒಂದು ನಿಂತಿದೆ. ಮೋಟುಮರವೋ, ಮನುಷ್ಯನೋ? ಸಂಶಯ ಎಂದರೇನು ಎಂದು ಹೇಳಿಕೊಡುವಾಗ ನಮ್ಮ ತರ್ಕಶಾಸ್ತ್ರದ ಮೇಷ್ಟ್ರುಗಳು ಒಂದೂವರೆ ಸಾವಿರ ವರ್ಷದಿಂದ ಕೊಡುತ್ತ ಬಂದಿರುವ ಉದಾಹರಣೆ ಇದು. ಹಳೆಯದಾದರೂ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲವಾದ್ದರಿಂದ ನಾನೂ ಇಲ್ಲಿಂದಲೇ ಶುರು ಮಾಡುತ್ತೇನೆ.

ಆ ಹೊತ್ತಿನಲ್ಲಿ ನಮ್ಮ ತಲೆಯೊಳಗೆ ಏನು ನಡೆಯುತ್ತಿದೆ ಎಂದು ನಿಧಾನವಾಗಿ ನೋಡೋಣ. ಕಣ್ಣಿಗೆ ಬಿದ್ದಿರುವುದು ಎತ್ತರ ಮತ್ತು ದಪ್ಪ. ಇವೆರಡೂ ಮರಕ್ಕೂ ಉಂಟು, ಮನುಷ್ಯನಿಗೂ ಉಂಟು. ಮರ ಹೇಗಿರುತ್ತದೆ, ಮನುಷ್ಯ ಹೇಗಿರುತ್ತಾನೆ ಎಂಬುದು ನಮಗೆ ಮೊದಲೇ ಗೊತ್ತು. ಆದರೆ ಮರವನ್ನು ಮರ ಎಂದು ತೋರಿಸುವ ಗಂಟು, ಪೊಟರೆಗಳಾಗಲಿ, ಮನುಷ್ಯನನ್ನು ಮನುಷ್ಯ ಎಂದು ತೋರಿಸುವ ಕೈಕಾಲುಗಳಾಗಲಿ ಕಾಣುತ್ತಿಲ್ಲ. ಮನಸ್ಸು ಎರಡೂ ಕಡೆ ತೂಗಾಡುತ್ತದೆ. ತೂಗಾಡಿ ಸುಮ್ಮನಾಗುವುದಿಲ್ಲ, ಯಾವುದಾದರೂ ಒಂದು ಗುರುತು ಕಂಡೀತೇ ಎಂದು ಹುಡುಕುತ್ತದೆ. ಈ ಹುಡುಕಾಟವೇ ಮುಖ್ಯ. ಅಕ್ಷಪಾದ ಗೌತಮನ ನ್ಯಾಯಸೂತ್ರ ಸಂಶಯವನ್ನು ವಿವರಿಸುವಾಗ ಅದರ ಸ್ವಭಾವವನ್ನೇ ಹೀಗೆ ಗುರುತಿಸುತ್ತದೆ: ಬೇರ್ಪಡಿಸುವ ಗುರುತೊಂದನ್ನು ಬಯಸುತ್ತಿರುವ ವಿಮರ್ಶೆ. ಆ ಗುರುತಿಗೆ ಶಾಸ್ತ್ರದಲ್ಲಿ ‘ವಿಶೇಷ’ ಎನ್ನುತ್ತಾರೆ. ಈ ಒಂದು ಪದ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅದೇ ದಾರಿಯಲ್ಲಿ ಒಬ್ಬ ‘ಕಳ್ಳ ನಿಂತಿದ್ದಾನೆ’ ಎಂದುಕೊಂಡು ಓಡಿಹೋದ, ಅಲ್ಲಿದ್ದುದು ಮರ ಎನ್ನಿ. ಅವನಿಗೆ ಸಂಶಯ ಬಂದಿರಲಿಲ್ಲ, ಅವನದು ಭ್ರಮೆ. ಮನಸ್ಸು ತೀರ್ಪು ಕೊಟ್ಟಾಗಿತ್ತು, ತೀರ್ಪು ತಪ್ಪಾಗಿತ್ತು ಅಷ್ಟೆ. ಇನ್ನೊಬ್ಬ ಮೊಬೈಲ್ ನೋಡಿಕೊಂಡು ಹೋದ, ಅವನಿಗೆ ಏನೂ ಕಾಣಲೇ ಇಲ್ಲ. ಅದು ಅಜ್ಞಾನ. ಮತ್ತೊಬ್ಬ ‘ಅಲ್ಲಿ ಏನೂ ಇಲ್ಲ, ಬನ್ನಿ’ ಎಂದ. ಅದು ನಿರಾಕರಣೆ, ಅದೂ ಒಂದು ತೀರ್ಪೇ. ಹೊಸ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿ. ‘ನಾನು ಇದನ್ನೆಲ್ಲ ನಂಬುವುದಿಲ್ಲ ಸಾರ್’ ಎಂದು ಹೆಮ್ಮೆಯಿಂದ ಹೇಳುವ ಹುಡುಗ ತಾನು ಸಂಶಯವಾದಿ ಎಂದುಕೊಂಡಿರುತ್ತಾನೆ. ಅವನು ಸಂಶಯದ ಹಂತಕ್ಕೆ ಬಂದೇ ಇಲ್ಲ. ನೇರವಾಗಿ ತೀರ್ಪಿಗೆ ಹಾರಿದ್ದಾನೆ.

ನ್ಯಾಯಸೂತ್ರ ಕ್ರಿ.ಶ. 2ನೇ ಶತಮಾನದ ಸುಮಾರಿಗೆ ರೂಪುಗೊಂಡ ಗ್ರಂಥ ಎನ್ನುತ್ತಾರೆ. ತಿಳಿಯಬೇಕಾದ ಹದಿನಾರು ವಿಷಯಗಳ ಪಟ್ಟಿಯಿಂದ ಅದು ಆರಂಭವಾಗುತ್ತದೆ. ಮೊದಲನೆಯದು ಪ್ರಮಾಣ, ಅಂದರೆ ತಿಳಿಯುವ ಸಾಧನ. ಎರಡನೆಯದು ಪ್ರಮೇಯ, ತಿಳಿಯಬೇಕಾದ ವಸ್ತು. ಮೂರನೆಯ ಸ್ಥಾನವೇ ಸಂಶಯಕ್ಕೆ. ಅದರ ಬೆನ್ನಿಗೇ ನಾಲ್ಕನೆಯದಾಗಿ ಪ್ರಯೋಜನ ಬರುತ್ತದೆ: ಈ ಸಂಶಯ ತೀರಿದರೆ ಏನು ಉಪಯೋಗ ಎಂಬ ವಿಚಾರ. ಆಮೇಲೆ ದೃಷ್ಟಾಂತ, ಸಿದ್ಧಾಂತ, ತರ್ಕ ಎಲ್ಲ ಹಾಯ್ದು ಒಂಬತ್ತನೆಯದಾಗಿ ನಿರ್ಣಯ. ಈ ಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ (ಕಾಮಸೂತ್ರದವನಲ್ಲ, ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ) ಒಂದು ಮಾತು ಸ್ಪಷ್ಟಪಡಿಸುತ್ತಾನೆ: ಏನೇನೂ ಗೊತ್ತಿಲ್ಲದ ವಿಷಯದಲ್ಲಿ ತರ್ಕಕ್ಕೆ ಕೆಲಸವಿಲ್ಲ, ಈಗಾಗಲೇ ನಿರ್ಣಯವಾದ ವಿಷಯದಲ್ಲೂ ಕೆಲಸವಿಲ್ಲ, ಸಂಶಯವಿರುವ ಕಡೆ ಮಾತ್ರ ಅದು ಹೊರಡುತ್ತದೆ. ಸಂಶಯ ಪಡುವವನು ಹಾಳಾಗುತ್ತಾನೆ ಎಂದು ಗೀತೆಯಲ್ಲೇ ಇದೆ ಎಂದು ಮಕ್ಕಳ ಬಾಯಿ ಮುಚ್ಚಿಸುವ ಹಿರಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅರ್ಜುನನಿಗೆ ಸಂಶಯವೇ ಬರದಿದ್ದರೆ ಆ ಗೀತೆ ಎಲ್ಲಿರುತ್ತಿತ್ತು ಎಂದು ನಾನು ಅವರನ್ನು ಮೆಲ್ಲಗೆ ಕೇಳುತ್ತೇನೆ. ಕಠೋಪನಿಷತ್ತಿನ ನಚಿಕೇತ ಯಮನ ಬಳಿ ಮೂರನೆಯ ವರವಾಗಿ ಕೇಳಿದ್ದೂ ಸಂಪತ್ತಲ್ಲ, ಸಂಶಯಕ್ಕೆ ಉತ್ತರ: ಸತ್ತ ಮೇಲೆ ಮನುಷ್ಯ ಇರುತ್ತಾನೋ, ಇಲ್ಲವೋ?

ಸಂಶಯ ಸುಮ್ಮಸುಮ್ಮನೆ ಬರುವುದಿಲ್ಲ, ಅದಕ್ಕೆ ಕಾರಣ ಬೇಕು ಎಂಬುದು ನೈಯಾಯಿಕರ, ಅಂದರೆ ನ್ಯಾಯಸೂತ್ರದ ದಾರಿಯಲ್ಲಿ ನಡೆದವರ, ಗಟ್ಟಿ ನಿಲುವು. ಐದು ಕಾರಣಗಳನ್ನು ಅವರು ಹೇಳುತ್ತಾರೆ. ಎರಡು ವಸ್ತುಗಳಿಗೆ ಸಮಾನವಾದ ಗುಣ ಕಂಡಾಗ ಬರುವುದು ಒಂದು, ಅದು ಮೋಟುಮರದ ಕಥೆ. ಇನ್ನೊಂದು, ಯಾವುದರ ಜೊತೆಗೂ ಸೇರದ ವಿಚಿತ್ರ ಗುಣ ಕಂಡಾಗ ಬರುವುದು. ಅದನ್ನು ಸದ್ಯಕ್ಕೆ ಬಿಡಿ, ಪಂಡಿತರೇ ಅದರ ಬಗ್ಗೆ ಜಗಳವಾಡಿದ್ದಾರೆ. ಮೂರನೆಯದು ನಮಗೆ ದಿನಬೆಳಗಾದರೆ ಎದುರಾಗುವಂಥದು: ಇಬ್ಬರು ಪರಸ್ಪರ ವಿರುದ್ಧವಾದ ಮಾತು ಹೇಳಿದಾಗ. ಒಬ್ಬ ಡಾಕ್ಟರು ಆಪರೇಷನ್ ಬೇಕೇ ಬೇಕು ಎನ್ನುತ್ತಾರೆ, ಇನ್ನೊಬ್ಬರು ಮಾತ್ರೆಯಲ್ಲೇ ಹೋಗುತ್ತದೆ ಎನ್ನುತ್ತಾರೆ. ಒಂದು ಚಾನೆಲ್ಲಿನಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ. ಆಗ ಯಾರ ದನಿ ಜೋರು ಎಂದು ನೋಡಿದರೆ ಗುರುತು ಸಿಗುವುದಿಲ್ಲ. ‘ಯಾವ ರಿಪೋರ್ಟ್ ನೋಡಿ ಹೀಗೆ ಹೇಳುತ್ತಿದ್ದೀರಿ ಡಾಕ್ಟ್ರೇ?’ ಎಂದು ಇಬ್ಬರನ್ನೂ ಕೇಳಿದರೆ ಸಿಗಬಹುದು.

ನಾಲ್ಕು ಮತ್ತು ಐದನೆಯವು ಜೋಡಿ. ಕಂಡದ್ದೆಲ್ಲ ಇರಬೇಕೆಂದಿಲ್ಲ, ಬಿಸಿಲುಗುದುರೆಯಲ್ಲಿ ನೀರು ಕಂಡಂತೆ. ಕಾಣದ್ದೆಲ್ಲ ಇಲ್ಲವೆಂದೂ ಅಲ್ಲ. ಈ ಎರಡನೆಯದಕ್ಕೆ ವಾತ್ಸ್ಯಾಯನ ಕೊಡುವ ಉದಾಹರಣೆಗಳಲ್ಲಿ ನೆಲದಡಿಯ ಬೇರು ಇದೆ, ನೆಲದಡಿಯ ನೀರೂ ಇದೆ. ಓದಿದಾಗಲೆಲ್ಲ ನನಗೆ ನಮ್ಮ ಬೋರ್‌ವೆಲ್ ನೆನಪಾಗುತ್ತದೆ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ಇಡೀ ಪಾಠ ಇದರೊಳಗಿದೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್ ಕೊರೆಸುವುದು ಎಂದರೆ ಸಾವಿರ ಅಡಿ ದಾಟುವ ಮಾತು, ಲಕ್ಷಗಟ್ಟಲೆ ಸಾಲದ ಮಾತು. ಲಾರಿ ಬರುವ ಮೊದಲು ಪಾಯಿಂಟ್ ಮಾಡಿಸಬೇಕು. ನೀರು ನೋಡುವವರು ಬರುತ್ತಾರೆ. ಅಂಗೈ ಚಾಚಿ ಅದರ ಮೇಲೆ ಜುಟ್ಟಿನ ತೆಂಗಿನಕಾಯಿಯನ್ನು ಅಡ್ಡಲಾಗಿ ಮಲಗಿಸಿಕೊಂಡು ಹೊಲದ ತುಂಬ ನಡೆಯುತ್ತಾರೆ. ಒಂದು ಕಡೆ ಬಂದಾಗ ಕಾಯಿ ತಾನಾಗಿಯೇ ಎದ್ದು ನೆಟ್ಟಗೆ ನಿಲ್ಲುತ್ತದೆ. ಕೆಲವರು ಕವಲು ಕಡ್ಡಿ ಹಿಡಿಯುತ್ತಾರೆ, ಕಡ್ಡಿ ಬಾಗುತ್ತದೆ. ಅಲ್ಲಿ ಸುಣ್ಣದ ಗುರುತು, ಕುಂಕುಮ, ನಿಂಬೆಹಣ್ಣು. ನೋಡುತ್ತ ನಿಂತ ರೈತನಿಗೆ ಮೋಸ ಮಾಡಲು ಅವರು ಬಂದಿರಬೇಕೆಂದೇನೂ ಇಲ್ಲ. ಬಹಳ ಮಂದಿ ತಮ್ಮ ಕೈಯನ್ನು ತಾವೇ ನಂಬಿದವರು. ಕಾಯಿಯನ್ನು ಎಬ್ಬಿಸಿದ್ದು ತನ್ನದೇ ಸ್ನಾಯುಗಳ ಸಣ್ಣ ಅದುರುವಿಕೆ ಎಂದು ಹಿಡಿದವನಿಗೂ ತಿಳಿಯದೆ ಇರಬಹುದು.

ಈಗ ಸಂಶಯ ಎಲ್ಲಿ ಹುಟ್ಟಬೇಕು? ನೀರು ಬಂದರೆ ಅವರ ಕೈಗುಣ. ಬರದಿದ್ದರೆ ‘ಇನ್ನೂ ಇನ್ನೂರು ಅಡಿ ಹೋಗಬೇಕಿತ್ತು’, ‘ಪಾಯಿಂಟ್ ಬಿಟ್ಟು ಅರ್ಧ ಅಡಿ ಪಕ್ಕಕ್ಕೆ ಕೊರೆದಿರಿ’, ‘ಮೈಲಿಗೆ ಆಗಿತ್ತು’. ಏನಾದರೂ ಅವರ ಮಾತು ಸೋಲುವಂತಿಲ್ಲ. ಒಂದು ನಂಬಿಕೆ ಸೋಲಲು ದಾರಿಯೇ ಇಲ್ಲದಂತೆ ಕಟ್ಟಿಕೊಂಡಿದ್ದರೆ, ಅದು ಗೆದ್ದಿದೆ ಎನ್ನುವುದಕ್ಕೂ ಅರ್ಥವಿರುವುದಿಲ್ಲ. ಇಲ್ಲಿ ನಮಗೆ ಬೇಕಿರುವುದು ಆ ‘ವಿಶೇಷ’: ಏನು ಕಂಡರೆ ಅವರಿಗೆ ನೀರು ಗೊತ್ತಾಗುತ್ತದೆ ಎಂದು ಒಪ್ಪಬೇಕು, ಏನು ಕಂಡರೆ ಗೊತ್ತಾಗುವುದಿಲ್ಲ ಎಂದು ಒಪ್ಪಬೇಕು?

1990ರಲ್ಲಿ ಜರ್ಮನಿಯ ಕಾಸೆಲ್ ಊರಿನಲ್ಲಿ ಇದನ್ನೇ ಕೇಳಿ ನೋಡಿದರು. ಅಲ್ಲೂ ಕಡ್ಡಿ ಹಿಡಿದು ನೀರು ನೋಡುವವರಿಗೆ ಕಮ್ಮಿಯಿಲ್ಲ. ನೆಲದೊಳಗೆ ಒಂದು ಪ್ಲಾಸ್ಟಿಕ್ ಪೈಪು ಹೂತರು. ಪೈಪು ಎಲ್ಲಿದೆ ಎಂಬುದು ಮೇಲೆ ಕಾಣುವಂತೆಯೇ ಇತ್ತು. ಅದರಲ್ಲಿ ಒಮ್ಮೆ ನೀರು ಹರಿಸುವುದು, ಒಮ್ಮೆ ನಿಲ್ಲಿಸುವುದು. ಈಗ ಹರಿಯುತ್ತಿದೆಯೋ ಇಲ್ಲವೋ ಎಂದಷ್ಟೇ ಅವರು ಹೇಳಬೇಕು. ಪರೀಕ್ಷೆಯ ಕ್ರಮ ಸರಿಯಾಗಿದೆ, ತಮಗೆ ಇದು ಸಾಧ್ಯ ಎಂದು ಭಾಗವಹಿಸಿದ ಸುಮಾರು 30 ಮಂದಿ ಮೊದಲೇ ಒಪ್ಪಿಕೊಂಡಿದ್ದರು. ಫಲಿತಾಂಶ ಮಾತ್ರ ನಾಣ್ಯ ಚಿಮ್ಮಿ ಹೇಳಿದ್ದರೂ ಇಷ್ಟೇ ಬರುತ್ತಿತ್ತು ಎಂಬಂತಿತ್ತು. ನನಗೆ ಇಲ್ಲಿ ಇಷ್ಟವಾಗುವುದು ಫಲಿತಾಂಶಕ್ಕಿಂತ ಆ ಮೊದಲ ಒಪ್ಪಂದ. ನಂಬುವವರು, ನಂಬದವರು ಇಬ್ಬರೂ ಕೂತು ‘ಇದು ಕಂಡರೆ ಹೀಗೆ, ಅದು ಕಂಡರೆ ಹಾಗೆ’ ಎಂದು ಮುಂಚೆಯೇ ಮಾತಾಡಿಕೊಂಡರು. ಸಂಶಯಕ್ಕೆ ಮರ್ಯಾದೆ ಬರುವುದು ಅಲ್ಲಿ.

ಹಾಗಂತ ಹಳಬರ ಮಾತೆಲ್ಲ ಕೈಬಿಡಬೇಕಾಗಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಂತರ್ಜಲದ್ದೇ ಒಂದು ಅಧ್ಯಾಯವಿದೆ; ಇಂಥ ಮರದ ಪಕ್ಕ ಹುತ್ತವಿದ್ದರೆ ಇಷ್ಟು ಆಳದಲ್ಲಿ ನೀರು ಎಂದೆಲ್ಲ ಅದು ಹೇಳುತ್ತದೆ. ಅದರಲ್ಲಿ ಎಷ್ಟು ನಿಜ ಎಂಬುದು ಬೇರೆ ಮಾತು. ಆದರೆ ಅದು ಕೈಗುಣದ ಮಾತಲ್ಲ. ಹುತ್ತ ನನಗೂ ಕಾಣುತ್ತದೆ, ನಿಮಗೂ ಕಾಣುತ್ತದೆ, ಅಗೆದು ನೋಡಬಹುದು. ತಪ್ಪಾದರೆ ತಪ್ಪು ಎನ್ನಬಹುದು.

1995ರ ಸೆಪ್ಟೆಂಬರ್ 21 ನೆನಪಿದೆಯೇ? ಗಣಪತಿ ವಿಗ್ರಹ ಹಾಲು ಕುಡಿಯುತ್ತಿದೆ ಎಂದು ದೆಹಲಿಯಿಂದ ಎದ್ದ ಸುದ್ದಿ ಆ ಒಂದೇ ದಿನದಲ್ಲಿ ದೇಶವಿಡೀ ಹಬ್ಬಿ, ಜನ ಚಮಚ ಹಿಡಿದು ಸಾಲುಗಟ್ಟಿದ್ದರು. ಚಮಚದ ಹಾಲು ಖಾಲಿಯಾಗುತ್ತಿದ್ದುದು ನಿಜ, ಕಣ್ಣಾರೆ ಕಂಡಿದ್ದೇ. ಕುಡಿಯಿತೋ, ಹರಿಯಿತೋ? ಹಾಲು ಬಿಳಿ, ಪದರ ತೆಳು, ಹರಿದದ್ದು ಕಾಣುವುದಿಲ್ಲ. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಕೊಟ್ಟರು. ಸೊಂಡಿಲಿಗೆ ತಾಗಿದ ಹಾಲು ಮೇಲ್ಮೈ ಸೆಳೆತದಿಂದ ಚಮಚದಿಂದ ಹೊರಬಂದು ವಿಗ್ರಹದ ಮೈಮೇಲೆ ತೆಳ್ಳಗೆ ಇಳಿಯುವುದು ಬಣ್ಣದಲ್ಲಿ ಕಂಡಿತು. ಆ ಚಿಟಿಕೆ ಬಣ್ಣಕ್ಕೇ ವಿಶೇಷ ಎನ್ನುವುದು. ಭಾಷಣ ಬೇಕಾಗಲಿಲ್ಲ.

ಇಷ್ಟು ಕೇಳಿದ ಮೇಲೆ ತರಗತಿಯಲ್ಲಿ ಯಾರಾದರೂ ಒಬ್ಬರು ಕೈ ಎತ್ತುತ್ತಾರೆ. ‘ಸಾರ್, ಎಲ್ಲವನ್ನೂ ಸಂಶಯಿಸಿದರೆ? ಈ ತರಗತಿಯೇ ಕನಸು ಎಂದರೆ?’ ಒಳ್ಳೆಯ ಪ್ರಶ್ನೆ. ಇದನ್ನು ಅತಿ ಶ್ರದ್ಧೆಯಿಂದ ಕೇಳಿದವನು ಫ್ರಾನ್ಸಿನ ಡೆಕಾರ್ಟ್. 1641ರಲ್ಲಿ ಪ್ರಕಟವಾದ ಅವನ ‘ಮೆಡಿಟೇಷನ್ಸ್’ ಪುಸ್ತಕದಲ್ಲಿ ಮೊದಲು ಇಂದ್ರಿಯಗಳು ಮೋಸ ಮಾಡುತ್ತವೆ ಎನ್ನುತ್ತಾನೆ. ಆಮೇಲೆ ಎಚ್ಚರಕ್ಕೂ ಕನಸಿಗೂ ಖಚಿತ ಗುರುತಿಲ್ಲ ಎನ್ನುತ್ತಾನೆ. ಕೊನೆಗೆ ಸರ್ವಶಕ್ತ ದುಷ್ಟಶಕ್ತಿಯೊಂದು ಎರಡಕ್ಕೆ ಮೂರು ಸೇರಿಸಿದರೆ ಐದು ಎಂಬಲ್ಲೂ ನನ್ನನ್ನು ಮೋಸಗೊಳಿಸುತ್ತಿದ್ದರೆ ಎಂದು ಕೇಳುತ್ತಾನೆ. ಮೋಸ ಹೋಗಲಿಕ್ಕಾದರೂ ‘ನಾನು’ ಇರಬೇಕಲ್ಲ ಎಂಬಲ್ಲಿ ಅವನಿಗೆ ಕಾಲೂರಲು ನೆಲ ಸಿಗುತ್ತದೆ. ಆದರೆ ಹೊಸಬರು ಮರೆಯುವ ಒಂದು ಸಂಗತಿ ಇದೆ. ಅದಕ್ಕೂ ನಾಲ್ಕು ವರ್ಷ ಮೊದಲು, 1637ರ ಪುಸ್ತಕದಲ್ಲಿ ಅವನು ತನಗೆ ತಾನೇ ಕೆಲವು ನಿಯಮ ಹಾಕಿಕೊಂಡಿದ್ದ: ಈ ಸಂಶಯದ ಕೆಲಸ ಮುಗಿಯುವವರೆಗೆ ತನ್ನ ನಾಡಿನ ಕಾನೂನು, ಆಚಾರಗಳಂತೆ ನಡೆಯುವುದು, ಒಮ್ಮೆ ಹಿಡಿದ ದಾರಿಯನ್ನು ಗಟ್ಟಿಯಾಗಿ ಹಿಡಿದು ನಡೆಯುವುದು. ಅಂದರೆ ಅವನ ಮಹಾಸಂಶಯ ಓದುವ ಕೋಣೆಗೆ ಸೀಮಿತ. ಅಂಗಡಿಗೆ ಹೋಗಿ ‘ಈ ಬ್ರೆಡ್ ಇದೆಯೋ ಇಲ್ಲವೋ’ ಎಂದು ಅವನು ಕೇಳಲಿಲ್ಲ.

ಸ್ಕಾಟ್‌ಲೆಂಡಿನ ಡೇವಿಡ್ ಹ್ಯೂಮ್ ಇನ್ನೂ ಪ್ರಾಮಾಣಿಕ. ಕಾರಣಕ್ಕೂ ಕಾರ್ಯಕ್ಕೂ ನಡುವೆ ನಾವು ಕಾಣುವ ನಂಟು ನಮ್ಮ ಅಭ್ಯಾಸವಷ್ಟೇ ಎಂದು 1739ರಲ್ಲಿ ಜಗತ್ತನ್ನೇ ಅಲುಗಾಡಿಸಿ, ಆಮೇಲೆ ಅದೇ ಪುಸ್ತಕದಲ್ಲಿ ಒಪ್ಪಿಕೊಳ್ಳುತ್ತಾನೆ: ಸ್ನೇಹಿತರ ಜೊತೆ ಊಟ ಮಾಡಿ, ಆಟವಾಡಿ, ನಕ್ಕು ಬಂದ ಮೇಲೆ ಈ ಯೋಚನೆಗಳು ತೀರಾ ಒಣಕಲಾಗಿ ಕಾಣುತ್ತವೆ ಎಂದು. ಗ್ರೀಕರ ಪಿರೋನ ಬಗ್ಗೆ ಇನ್ನೊಂದು ಕಥೆ. ಅಲೆಕ್ಸಾಂಡರನ ದಂಡಿನ ಜೊತೆ ಭಾರತಕ್ಕೆ ಬಂದು ನಮ್ಮ ದಿಗಂಬರ ಸಾಧುಗಳನ್ನು ಕಂಡವನು ಎನ್ನುತ್ತಾರೆ. ಅವನು ಯಾವುದನ್ನೂ ಖಚಿತ ಎಂದುಕೊಳ್ಳುತ್ತಿರಲಿಲ್ಲವಾದ್ದರಿಂದ ಗಾಡಿ ಅಡ್ಡ ಬಂದರೂ ಪಕ್ಕಕ್ಕೆ ಸರಿಯುತ್ತಿರಲಿಲ್ಲ, ಸ್ನೇಹಿತರು ಹಿಂದೆ ಮುಂದೆ ಓಡಾಡಿ ಉಳಿಸುತ್ತಿದ್ದರಂತೆ. ಹಳೆಯ ಕಾಲದಲ್ಲೇ ಇದನ್ನು ಸುಳ್ಳು ಎಂದವರಿದ್ದಾರೆ. ನನಗೂ ಸುಳ್ಳೇ ಅನ್ನಿಸುತ್ತದೆ. ಅವನು ತೊಂಬತ್ತರವರೆಗೆ ಬದುಕಿದ್ದ ಎಂದೂ ಈ ಕಥೆ ಇರುವ ಹಳೆಯ ಪುಸ್ತಕವೇ ಹೇಳುತ್ತದೆ.

ನಮ್ಮಲ್ಲಿ ಈ ಜಗಳ ಇನ್ನೂ ಬಿಗಿಯಾಗಿ ನಡೆದಿದೆ. ನಾಗಾರ್ಜುನ ಎಂಬ ಬೌದ್ಧ ಆಚಾರ್ಯ ಕೇಳಿದ: ನೀವು ಎಲ್ಲವನ್ನೂ ಪ್ರಮಾಣದಿಂದ ತಿಳಿಯುತ್ತೇವೆ ಎನ್ನುತ್ತೀರಿ. ಆ ಪ್ರಮಾಣ ಸರಿ ಎಂದು ತಿಳಿದದ್ದು ಯಾವುದರಿಂದ? ಇನ್ನೊಂದು ಪ್ರಮಾಣದಿಂದ ಎಂದರೆ ಅದಕ್ಕೆ ಮತ್ತೊಂದು ಬೇಕು, ಇದಕ್ಕೆ ಕೊನೆಯಿಲ್ಲ. ಯಾವುದೂ ಬೇಕಿಲ್ಲ ಎಂದರೆ ನಿಮ್ಮ ಮಾತಿಗೆ ನೀವೇ ತಪ್ಪಿದಿರಿ. ನ್ಯಾಯಸೂತ್ರದಲ್ಲಿ ಇಂಥ ಆಕ್ಷೇಪಕ್ಕೆ ಕೊಟ್ಟಿರುವ ಉತ್ತರ ತಕ್ಕಡಿಯದು. ತಕ್ಕಡಿ ಚಿನ್ನವನ್ನು ತೂಗುತ್ತದೆ. ತಕ್ಕಡಿಯ ಮೇಲೇ ಸಂಶಯ ಬಂದರೆ? ತೂಕ ಗೊತ್ತಿರುವ ಚಿನ್ನವನ್ನು ಅದರಲ್ಲಿಟ್ಟು ತಕ್ಕಡಿಯನ್ನೇ ಪರೀಕ್ಷಿಸುತ್ತೇವೆ. ಆಗ ಚಿನ್ನ ಅಳೆಯುವ ಸಾಧನ, ತಕ್ಕಡಿ ಅಳೆಸಿಕೊಳ್ಳುವ ವಸ್ತು. ಯಾವುದನ್ನು ಬೇಕಾದರೂ ಪರೀಕ್ಷೆಗೆ ಹಚ್ಚಬಹುದು, ಎಲ್ಲವನ್ನೂ ಒಟ್ಟಿಗೆ ಹಚ್ಚಲಾಗದು ಅಷ್ಟೆ. ಸಂತೆಯಲ್ಲಿ ಟೊಮೆಟೊ ಕೊಳ್ಳುವಾಗ ತೂಕದ ಮೇಲೆ ಗುಮಾನಿ ಬಂದರೆ ಪಕ್ಕದ ಅಂಗಡಿಯಲ್ಲಿ ತೂಗಿಸಿ ನೋಡುತ್ತೇವಲ್ಲ, ಮಾಡುತ್ತಿರುವುದು ಅದನ್ನೇ.

10-11ನೇ ಶತಮಾನದ ಮಿಥಿಲೆಯ ಉದಯನ ಇನ್ನೊಂದು ಹೆಜ್ಜೆ ಇಟ್ಟ. ಬೆಂಕಿಯಿಲ್ಲದೆ ಹೊಗೆ ಬಂದೀತು ಎಂದು ಸಂಶಯ ಪಡುವವನು, ಹೊಗೆ ಬೇಕಾದಾಗ ಏನು ಮಾಡುತ್ತಾನೆ? ಬೆಂಕಿಯನ್ನೇ ಹಚ್ಚುತ್ತಾನೆ. ಊಟದಿಂದ ಹಸಿವು ಹೋಗುತ್ತದೋ ಇಲ್ಲವೋ ಎನ್ನುವವನು ಹಸಿವಾದಾಗ ತಟ್ಟೆಯ ಮುಂದೆಯೇ ಕೂರುತ್ತಾನೆ. ಎಲ್ಲಿ ನಿನ್ನ ನಡೆಯೇ ನಿನ್ನ ಸಂಶಯಕ್ಕೆ ಅಡ್ಡ ಬರುತ್ತದೋ ಅಲ್ಲಿಗೆ ಸಂಶಯದ ಗಡಿ ಎಂದ. ಕೇಳಲು ಪಕ್ಕಾ ಮನೆಯ ಅಜ್ಜಿ ಮಾತಿನ ಹಾಗಿದೆ, ಆದರೆ ಸುಲಭಕ್ಕೆ ಅಲ್ಲಾಡುವಂಥದಲ್ಲ. ಅಲ್ಲಾಡಿಸಿದವನೂ ಇದ್ದಾನೆ: 12ನೇ ಶತಮಾನದ ಶ್ರೀಹರ್ಷ. ಅಡ್ಡ ಬರುತ್ತದೆ ಎನ್ನುತ್ತೀರಿ, ಯಾವುದಕ್ಕೆ ಅಡ್ಡ? ಸಂಶಯಕ್ಕೆ ತಾನೇ? ಹಾಗಾದರೆ ಸಂಶಯ ಅಲ್ಲಿ ಇದ್ದೇ ಇದೆ. ಅಡ್ಡ ಬರುವುದೇ ಇಲ್ಲ ಎಂದರೆ ಸಂಶಯವನ್ನು ತಡೆಯುವವರಾರು? ಹೀಗೆ ಉದಯನನ ಮಾತನ್ನು ಅವನಿಗೇ ತಿರುಗಿಸಿಕೊಟ್ಟ. 14ನೇ ಶತಮಾನದ ಗಂಗೇಶ ಇದಕ್ಕೆ ಮತ್ತೆ ಉತ್ತರ ಕೊಟ್ಟ: ಸಂಶಯವನ್ನು ತಡೆಯುವುದು ‘ವಿರೋಧ’ ಎಂಬ ಯಾವುದೋ ವಸ್ತುವಲ್ಲ, ಸಂಶಯಪಡುವವನ ನಡೆಯೇ ಎಂದು. ಜಗಳ ಅಲ್ಲಿಗೂ ಮುಗಿಯಲಿಲ್ಲ. ನನ್ನ ಒಲವು ಉದಯನನ ಕಡೆಗೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ನೀವು ಓದಿ ಶ್ರೀಹರ್ಷನ ಕಡೆ ನಿಂತರೆ ತಕರಾರಿಲ್ಲ.

ಅಮೆರಿಕದ ಚಾರ್ಲ್ಸ್ ಪರ್ಸ್ 1877ರ ಲೇಖನವೊಂದರಲ್ಲಿ ಬೇರೆ ದಾರಿಯಿಂದ ಇಲ್ಲಿಗೇ ಬಂದ. ವಾಕ್ಯದ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿದ ಮಾತ್ರಕ್ಕೆ ಸಂಶಯ ಹುಟ್ಟುವುದಿಲ್ಲ, ನಿಜವಾದ ಸಂಶಯಕ್ಕೆ ಒಂದು ಕಿರಿಕಿರಿ ಇರುತ್ತದೆ, ಅದು ನಮ್ಮನ್ನು ಹುಡುಕಾಟಕ್ಕೆ ನೂಕುತ್ತದೆ ಎಂದ. ನೈಯಾಯಿಕರ ಐದು ಕಾರಣಗಳನ್ನು ಅವನು ಓದಿದ್ದನೆಂದು ನಾನು ಹೇಳುತ್ತಿಲ್ಲ. ಆದರೆ ಎರಡೂ ಕಡೆಯವರು ಒಂದೇ ಕೊರತೆಯನ್ನು ಬೆರಳಿಟ್ಟು ತೋರಿಸಿದ್ದಾರೆ: ಕಾರಣವಿಲ್ಲದ ಸಂಶಯ ಬರೀ ಬಾಯಿಮಾತು.

ಉಡುಪಿಯ ಮಧ್ವಾಚಾರ್ಯರನ್ನು ಬಿಟ್ಟು ಈ ವಿಷಯ ಮುಗಿಸಿದರೆ ಕನ್ನಡ ನಾಡಿನವನಾಗಿ ತಪ್ಪಾಗುತ್ತದೆ. 13ನೇ ಶತಮಾನದಲ್ಲಿ ಅವರು ಮುಂದಿಟ್ಟ, ಆಮೇಲೆ ಜಯತೀರ್ಥರು ವಿಸ್ತರಿಸಿದ ‘ಸಾಕ್ಷಿ’ಯ ವಿಚಾರ ಹೀಗಿದೆ. ಕಣ್ಣು, ಮನಸ್ಸು ಕೊಡುವ ತಿಳಿವು ತಪ್ಪಾಗಬಹುದು, ಅದನ್ನು ಪರೀಕ್ಷೆ ಮಾಡಬೇಕು. ದೂರದಲ್ಲಿ ಕಂಡದ್ದು ನೀರೋ ಬಿಸಿಲುಗುದುರೆಯೋ ಎಂದು ಹತ್ತಿರ ಹೋಗಿ ಕುಡಿದು ನೋಡಬೇಕು. ಕುಡಿದು ಬಾಯಾರಿಕೆ ಆರಿದಾಗ ಆ ತೃಪ್ತಿಯ ಅನುಭವವಿದೆಯಲ್ಲ, ಅದನ್ನು ಯಾರೂ ‘ನನಗೆ ತೃಪ್ತಿಯಾಯಿತೋ ಇಲ್ಲವೋ’ ಎಂದು ಸಂಶಯಿಸುವುದಿಲ್ಲ. ಹಲ್ಲುನೋವು ಇರುವವನು ತನಗೆ ನೋವಿದೆಯೇ ಎಂದು ಪಕ್ಕದವನನ್ನು ಕೇಳುವುದಿಲ್ಲ. ಸುಖದುಃಖಗಳನ್ನು ನೇರವಾಗಿ ಕಾಣುವ ಆ ಸಾಕ್ಷಿಯಲ್ಲಿ ಪರೀಕ್ಷೆಯ ಸಾಲು ನಿಲ್ಲುತ್ತದೆ. ಹೀಗಾಗಿ ನಾಗಾರ್ಜುನ ಹೇಳಿದ ಕೊನೆಯಿಲ್ಲದ ಸರಪಳಿ ಇಲ್ಲಿ ಇಲ್ಲ ಎಂಬುದು ಅವರ ವಾದ.

ಇನ್ನು ಮನೆಯೊಳಗೆ ಬರೋಣ. ಗ್ರಹಣದ ದಿನ ಅಜ್ಜಿ, ಮೊಮ್ಮಗನ ನಡುವೆ ಇಂಥ ಮಾತು ನೀವೂ ಕೇಳಿರುತ್ತೀರಿ.

‘ಅಜ್ಜಿ, ಉಪ್ಪಿನಕಾಯಿ ಭರಣಿಗೆ ಯಾಕೆ ದರ್ಭೆ ಹಾಕ್ತೀಯ?’

‘ಗ್ರಹಣ ಕಣೋ. ಹಾಕಬೇಕು.’

‘ಹಾಕದಿದ್ರೆ?’

‘ಕೆಟ್ಟುಹೋಗತ್ತೆ ಅಂತಾರೆ.’

‘ಪಕ್ಕದ ಮನೆಯವರು ಹಾಕಲ್ವಲ್ಲ, ಅವರದ್ದು ಕೆಟ್ಟಿತ್ತಾ?’

‘ಅವರ ಮನೆ ಪಂಚಾಯ್ತಿ ನಿನಗ್ಯಾಕೆ? ನಮ್ಮತ್ತೆ ಹಾಕ್ತಿದ್ರು, ನಾನೂ ಹಾಕ್ತೀನಿ. ಆ ಕಡೆ ಸರಿ.’

ಅಜ್ಜಿ ಇಲ್ಲಿ ಎರಡು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ‘ಕೆಟ್ಟುಹೋಗತ್ತೆ’ ಎಂಬುದು ಜಗತ್ತಿನ ಬಗ್ಗೆ ಹೇಳಿದ ಮಾತು. ಅದಕ್ಕೆ ಗುರುತು ಇದೆ: ಪಕ್ಕದ ಮನೆಯ ಭರಣಿ. ಹುಡುಗ ಅಲ್ಲಿಗೇ ಹೋದ, ಜಾಣ. ಎರಡು ಬಟ್ಟಲಲ್ಲಿ ಅನ್ನ ಇಟ್ಟು, ಒಂದಕ್ಕೆ ದರ್ಭೆ ಹಾಕಿ ಒಂದಕ್ಕೆ ಹಾಕದೆ ಅವನು ನೋಡಲೂಬಹುದು. ‘ನಮ್ಮತ್ತೆ ಹಾಕ್ತಿದ್ರು’ ಎಂಬುದು ಅಂಥ ಮಾತಲ್ಲ. ಅದು ತೀರಿಹೋದ ಹಿರಿಯರ ಜೊತೆಗಿನ ನಂಟು. ಅದಕ್ಕೆ ಪುರಾವೆ ಕೇಳುವುದು ಅಧಿಕಪ್ರಸಂಗವಾಗುತ್ತದೆ. ಏಕಾದಶಿ ಉಪವಾಸ ನನ್ನ ವ್ರತ ಎಂದರೆ ಸಂಶಯಕ್ಕೆ ಅಲ್ಲಿ ಕೆಲಸವಿಲ್ಲ. ಏಕಾದಶಿ ಉಪವಾಸದಿಂದ ಸಕ್ಕರೆ ಕಾಯಿಲೆ ಹೋಗುತ್ತದೆ, ಇನ್ಸುಲಿನ್ ನಿಲ್ಲಿಸು ಎಂದರೆ ಕೂಡಲೇ ಕೆಲಸವಿದೆ. ಎರಡು ಮಾತೂ ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಬರುವುದರಿಂದ ಬಿಡಿಸುವುದು ಕಷ್ಟ. ಅದೇ ‘ನಮ್ಮತ್ತೆ’ಯ ಹೆಸರಿನಲ್ಲಿ ಗರ್ಭಿಣಿ ಸೊಸೆಯನ್ನು ಗ್ರಹಣ ಬಿಡುವವರೆಗೆ ನೀರು ಕೊಡದೆ ಕತ್ತಲೆ ಕೋಣೆಯಲ್ಲಿ ಮಲಗಿಸಿದರೆ, ಆಗ ನಂಟಿನ ಮಾತು ಮುಗಿಯಿತು. ಏನಾಗುತ್ತದೆಂದು ಹೀಗೆ ಮಾಡುತ್ತಿದ್ದೀರಿ ಎಂದು ಕೇಳಲೇಬೇಕು, ಕೇಳುವವಳು ಸೊಸೆಯೇ ಆದರೂ.

ಸಂಶಯದ ವೇಷ ಹಾಕಿದ ಇನ್ನೊಂದು ಪ್ರಾಣಿಯ ಬಗ್ಗೆ ಎಚ್ಚರವಿರಲಿ. ಹೆಂಡತಿಯ ಫೋನ್ ದಿನಾ ತೆಗೆದು ನೋಡುವ ಗಂಡ ‘ನನಗೆ ಡೌಟು’ ಎನ್ನುತ್ತಾನೆ. ಫೋನಿನಲ್ಲಿ ಏನಾದರೂ ಸಿಕ್ಕರೆ ಅದು ಸಾಕ್ಷಿ, ಏನೂ ಸಿಗದಿದ್ದರೆ ಅಳಿಸಿಹಾಕಿದ್ದಾಳೆ ಎಂಬುದಕ್ಕೆ ಸಾಕ್ಷಿ. ಏನು ಕಂಡರೆ ನಿನ್ನ ಸಂಶಯ ತೀರುತ್ತದಪ್ಪಾ ಎಂದು ಕೇಳಿದರೆ ಅವನ ಬಳಿ ಉತ್ತರವಿಲ್ಲ. ಎಲ್ಲ ಸುದ್ದಿಯೂ ಪಿತೂರಿ, ಎಲ್ಲ ಲಸಿಕೆಯೂ ಮೋಸ ಎನ್ನುವವರೂ ಇದೇ ಜಾತಿಗೆ ಸೇರಿದವರು. ನೀರು ನೋಡುವವರ ತೆಂಗಿನಕಾಯಿಯಂತೆ ಇವರ ಮಾತೂ ಸೋಲುವ ದಾರಿಯಿಲ್ಲದ್ದು. ಇದನ್ನು ನಾನು ಸಂಶಯ ಎಂದು ಒಪ್ಪುವುದಿಲ್ಲ. ಇದು ಬಾಗಿಲು ಹಾಕಿಕೊಂಡ ನಂಬಿಕೆ.

ಇನ್ನು ಕೆಲವು ಸಲ ಬಂದ ಸಂಶಯದ ಕತ್ತನ್ನು ಬೇರೆಯವರು ಹಿಸುಕುತ್ತಾರೆ. ‘ನಿಮ್ಮ ಹೆಸರಿಗೆ ಬಂದ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ’ ಎಂದು ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟವನು ಹೇಳುತ್ತಾನೆ. ಓದಿದವರು, ರಿಟೈರ್ ಆದ ಅಧಿಕಾರಿಗಳು ಕೂಡ ಹಣ ಕಳೆದುಕೊಂಡಿದ್ದಾರೆ. ಅವರಿಗೆ ಸಂಶಯವೇ ಬರಲಿಲ್ಲವೇ? ಬಂದಿರುತ್ತದೆ. ಆದರೆ ಆ ಕಡೆಯವನಿಗೆ ನ್ಯಾಯಶಾಸ್ತ್ರ ಚೆನ್ನಾಗಿ ಗೊತ್ತು ಎನ್ನುವ ಹಾಗೆ ಅವನ ಕಟ್ಟಪ್ಪಣೆಗಳಿರುತ್ತವೆ: ಕರೆ ಕಟ್ ಮಾಡಬೇಡಿ, ಮನೆಯವರಿಗೆ ಹೇಳಬೇಡಿ, ಕೋಣೆ ಬಿಟ್ಟು ಹೋಗಬೇಡಿ, ಒಂದು ಗಂಟೆಯೊಳಗೆ ಹಣ ಹಾಕಿ. ಗುರುತು ಹುಡುಕಲು ಬೇಕಾದದ್ದು ಸ್ವಲ್ಪ ಸಮಯ ಮತ್ತು ಇನ್ನೊಬ್ಬ ಮನುಷ್ಯ. ಅವೆರಡನ್ನೇ ಅವನು ಕಿತ್ತುಕೊಳ್ಳುತ್ತಾನೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಕರೆ ಕಟ್ ಮಾಡಿ, ಪಕ್ಕದ ಮನೆಯವರನ್ನು ಕೂಗಿ, 1930ಕ್ಕೆ ಫೋನ್ ಮಾಡಿ. ತುರ್ತು, ಭಯ, ಗುಟ್ಟು ಮೂರೂ ಒಟ್ಟಿಗೆ ಬಂದವೆಂದರೆ ಅದೇ ಒಂದು ಗುರುತು.

ಎಚ್. ನರಸಿಂಹಯ್ಯನವರ ಹೆಸರು ಹೇಳದೆ ಕರ್ನಾಟಕದಲ್ಲಿ ಈ ವಿಷಯ ಮಾತಾಡುವಂತಿಲ್ಲ. ಭೌತಶಾಸ್ತ್ರದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಒಂದು ಸಮಿತಿ ರಚಿಸಿದರು. ಸತ್ಯ ಸಾಯಿಬಾಬಾ ಅವರಿಗೆ, ಸಮಿತಿಯ ಮುಂದೆ ನಿಗದಿತ ಕಟ್ಟುಪಾಡುಗಳಲ್ಲಿ ಪವಾಡ ತೋರಿಸಬೇಕೆಂದು ಪತ್ರ ಬರೆದರು. ಒಪ್ಪಿಗೆ ಬರಲಿಲ್ಲ; ದೊಡ್ಡ ಗಲಾಟೆಯಾಯಿತು, ವಿಶ್ವವಿದ್ಯಾಲಯಕ್ಕೆ ಇದೆಲ್ಲ ಯಾಕೆ ಎಂದವರೂ ಇದ್ದರು. ಆ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಅವರು ಮಾಡಿದ ರೀತಿ ನೋಡಿ: ಬೀದಿಯಲ್ಲಿ ನಿಂತು ಬೈಯಲಿಲ್ಲ, ಏನು ಕಂಡರೆ ಒಪ್ಪುತ್ತೇವೆ ಎಂದು ಕಾಗದದಲ್ಲಿ ಬರೆದು ಕೇಳಿದರು.

ಮುಂದೆ ಓದಬೇಕೆನ್ನುವವರಿಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ (1932) ಸಾಕು. ನ್ಯಾಯ-ವೈಶೇಷಿಕದ ಅಧ್ಯಾಯದಿಂದ ಶುರು ಮಾಡಿ, ಅವಸರ ಬೇಡ. ಅದಕ್ಕೂ ಮೊದಲು ಮನೆಗೆಲಸವೊಂದಿದೆ. ಈ ವಾರ ನಿಮ್ಮ ವಾಟ್ಸಾಪ್ ಗುಂಪಿಗೆ ಬಂದ ಯಾವುದಾದರೂ ಒಂದು ಸಂದೇಶ ತೆಗೆದುಕೊಳ್ಳಿ. ಏನು ಕಂಡರೆ ಅದು ನಿಜ ಎನ್ನುತ್ತೀರಿ, ಏನು ಕಂಡರೆ ಸುಳ್ಳು ಎನ್ನುತ್ತೀರಿ, ಎರಡು ಸಾಲು ಬರೆಯಿರಿ. ಬರೆಯಲು ಆಗದಿದ್ದರೆ ದಯವಿಟ್ಟು ಅದನ್ನು ಫಾರ್ವರ್ಡ್ ಮಾಡಬೇಡಿ.